ದೊಡ್ಡ ಔಷಧ ಕಂಪನಿಗಳಿಗೊಂದು ವಿನಯಪೂರ್ವಕ ಪತ್ರ

ಮಹಾರಾಜರಾಜಶ್ರೀ ಔಷಧ ಕಂಪನಿಗಳ ಧಣಿಗಳ ಸನ್ನಿಧಾನಕ್ಕೆ, ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ತಮ್ಮ ಕುಶಲವನ್ನು ಷೇರುಪೇಟೆಯ ಪುಟದಲ್ಲಿ ಓದಿ ಹಿಗ್ಗುತ್ತಿದ್ದೇವೆ. ನಮ್ಮ ಕಡೆಯದು ಅಷ್ಟಕ್ಕಷ್ಟೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಇಷ್ಟು ಸಣ್ಣ ವಿಷಯಕ್ಕೆ ತಮ್ಮ ಸಮಯ ಕೇಳುತ್ತಿದ್ದೇವೆ, ಕ್ಷಮೆಯಿರಲಿ.

ಮೊದಲು ಹಳೆಯ ಋಣ ನೆನೆಯಬೇಕು. ಎರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಸಿಕ್ಕಿದ್ದು ಫಿಲಿಪ್ಪೀನ್ಸ್‌ನ ಮಣ್ಣಿನಲ್ಲಿ, ವ್ಯಾಂಕೊಮೈಸಿನ್ ಸಿಕ್ಕಿದ್ದು ಪಾದ್ರಿಯೊಬ್ಬರು ಬೋರ್ನಿಯೊದಿಂದ ಕಳಿಸಿದ ಮಣ್ಣಿನಲ್ಲಿ. ಊರೂರ ಮಣ್ಣು ತರಿಸಿ ಮದ್ದು ಹುಡುಕಿದ ತಮ್ಮ ಹಿರಿಯರಿಗೆ ನಮೋ ನಮಃ. ತಾವೀಗ ಆ ಹುಡುಕಾಟದಿಂದ ಕೈ ತೊಳೆದುಕೊಂಡಿದ್ದೀರಿ. ಶುಚಿತ್ವ ಒಳ್ಳೆಯದೇ. (ತಮ್ಮಲ್ಲಿ ಕೆಲವರು ಇನ್ನೂ ಅಂಗಡಿ ಮುಚ್ಚಿಲ್ಲ. ಅವರು ಈ ಪತ್ರ ಓದುವುದು ಬೇಡ.)

ತಮ್ಮ ಸಂಕಟ ನಮಗೆ ತಿಳಿಯದೇನಲ್ಲ. ಬಿಪಿ, ಸಕ್ಕರೆ ಕಾಯಿಲೆಯವರು ಬದುಕಿರುವತನಕ ಗುಳಿಗೆ ನುಂಗುವ ನಿಷ್ಠಾವಂತರು. ಸೋಂಕು ತಗುಲಿದ ನಾವೋ, ವಾರದಲ್ಲೇ ಗುಣವಾಗಿ ಎದ್ದು ಹೋಗುವ ಕೃತಘ್ನರು. ಸಾಲದ್ದಕ್ಕೆ ಹೊಸ ಆಂಟಿಬಯೋಟಿಕ್ ಬಂದರೆ ವೈದ್ಯರು ಅದನ್ನು ಬೀರುವಿನಲ್ಲಿಟ್ಟು, ಬೇರೇನೂ ನಾಟದಿದ್ದರೆ ನೋಡೋಣ ಎನ್ನುತ್ತಾರೆ. ಬಳಸಿದಷ್ಟೂ ಬ್ಯಾಕ್ಟೀರಿಯಾ ಅದನ್ನು ಮೀರಲು ಕಲಿಯುತ್ತದಲ್ಲ! ಕಡಿಮೆ ಮಾರಿದಷ್ಟೂ ಒಳ್ಳೆಯದೆನ್ನುವ ಸರಕನ್ನು ಯಾವ ವ್ಯಾಪಾರಿ ತಾನೆ ತಯಾರಿಸಿಯಾನು?

ತಮ್ಮ ದೂರದೃಷ್ಟಿ ಇಲ್ಲದ ಅಕೇಯೊಜೆನ್ ಎಂಬ ಕ್ಯಾಲಿಫೋರ್ನಿಯಾದ ಪುಟ್ಟ ಕಂಪನಿ ಅಂಥದ್ದನ್ನು ತಯಾರಿಸಿತು. ಅದರ ಪ್ಲಾಜೊಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2018ರ ಜೂನ್‌ನಲ್ಲಿ. ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2019ರ ಏಪ್ರಿಲ್‌ನಲ್ಲಿ.

ಬೆಂಗಳೂರಿನ ಪರವಾಗಿ ಒಂದು ಪ್ರತ್ಯೇಕ ವಂದನೆ. ತಮ್ಮಲ್ಲೊಬ್ಬರು ಇಲ್ಲಿ ಕ್ಷಯಕ್ಕೆ ಔಷಧ ಹುಡುಕುವ ಕೇಂದ್ರ ನಡೆಸುತ್ತಿದ್ದು, ಅದನ್ನು ಮುಚ್ಚುವುದಾಗಿ 2014ರಲ್ಲಿ ಸಾರಿದರು. ಸರಿಯೇ. ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯ ರೋಗಿಗಳಿರುವ ದೇಶದಲ್ಲಿ ರೋಗಿಗಳು ಸಿಗುತ್ತಾರೆಯೇ ಹೊರತು ಗಿರಾಕಿಗಳು ಸಿಗುತ್ತಾರೆಯೇ? ಅಲ್ಲಿ ದುಡಿದಿದ್ದ ಕೆಲವರು ಬಗ್‌ವರ್ಕ್ಸ್ ಎಂಬ ಸಣ್ಣ ಕಂಪನಿ ಕಟ್ಟಿಕೊಂಡು ಮತ್ತೆ ಆಂಟಿಬಯೋಟಿಕ್ ಹುಡುಕಲು ಕೂತರು. ಈ ಹುಚ್ಚಿಗೆ ತಮ್ಮ ಬಳಿ ಮದ್ದಿದ್ದರೆ ದಯಮಾಡಿ ಕಳಿಸಬೇಡಿ.

ಇನ್ನೊಂದೇ ಅರಿಕೆ. ಎಷ್ಟೇ ಕಡಿಮೆ ಬಳಕೆಯಾಗಲಿ, ಎರಡು ಆಂಟಿಬಯೋಟಿಕ್‌ಗಳಿಗೆ ವರ್ಷಕ್ಕೆ ತಲಾ ಒಂದು ಕೋಟಿ ಪೌಂಡ್‌ವರೆಗೆ ಕೊಡಲು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2022ರಲ್ಲಿ ಒಪ್ಪಿತು, ಮಠಕ್ಕೆ ವರ್ಷಾಸನ ಕಟ್ಟಿದ ಹಾಗೆ. ಮಾರಾಟದ ಚಿಂತೆ ತಮಗಿಲ್ಲ, ಔಷಧ ಉಳಿಸಿಕೊಳ್ಳಲು ವೈದ್ಯರಿಗೆ ಅಡ್ಡಿಯಿಲ್ಲ. ಉಳಿದ ಸರ್ಕಾರಗಳೂ ಹೀಗೆ ಕಾಣಿಕೆ ಸಲ್ಲಿಸುವ ತನಕ ತಮ್ಮ ಕೃಪೆಯಾಗದೆಂದಾದರೆ ಮೊತ್ತ ಎಷ್ಟೆಂದು ಬಾಯಿಬಿಟ್ಟು ಹೇಳಿ. ಚೌಕಾಸಿ ಮುಗಿಯುವವರೆಗೆ ತಡೆದುಕೊಳ್ಳಬೇಕೆಂದು ಬ್ಯಾಕ್ಟೀರಿಯಾಗಳಿಗೂ ಒಂದು ಅರ್ಜಿ ಬರೆಯುತ್ತೇವೆ.

ಇಂತಿ ತಮ್ಮ ವಿಧೇಯ,
ಲಾಭ ತರಲಾರದ ಗಿರಾಕಿ