ಏಳು ದಿನ ತಡೆಯಪ್ಪ

ನಮ್ಮ ಪ್ರಾಜೆಕ್ಟಿನಲ್ಲಿ ರಜೆ ಕೇಳದೆ, ಕಾಫಿಗೆ ಏಳದೆ, ಇನ್‌ಕ್ರಿಮೆಂಟ್ ಸಾಲದೆಂದು ಗೊಣಗದೆ ದುಡಿಯುವವನು ಒಬ್ಬನೇ. ಹೆಸರು ಡಿಪೆಂಡಬಾಟ್. ನಾವು ಕೈಯಾರೆ ಬರೆದ ಕೋಡಿಗಿಂತ ಕಂಡವರಿಂದ ಎರವಲು ತಂದ ಕೋಡೇ ಹೆಚ್ಚು. ಆ ಎರವಲು ಸಾಮಾನಿನಲ್ಲಿ ಯಾವುದಕ್ಕೆ ಹೊಸ ಆವೃತ್ತಿ ಬಂದರೂ ಇವನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಸುಮ್ಮನಿರುವ ಜಾಯಮಾನ ಇವನದಲ್ಲ. ವಾರಕ್ಕೊಮ್ಮೆ ಬಾ ಎಂದಷ್ಟೇ ಹೇಳಿ, ದಿನ ಹೇಳದಿದ್ದರೆ, ಸೋಮವಾರ ಹಾಜರು. ಸೋಮವಾರವನ್ನು ತಾನಾಗಿ ಆರಿಸಿಕೊಂಡ ಬೇರೆ ನೌಕರನನ್ನು ನಾನು ಕಂಡಿಲ್ಲ.

ತರುವ ಸುದ್ದಿಯೂ ಒಂದೇ ಧಾಟಿಯದು. ‘ಲೋಡ್ಯಾಶ್ 4.17.20ರಿಂದ 4.17.21ಕ್ಕೆ.’ ಕೊನೆಯ ಅಂಕಿ ಬದಲಾದರೆ ಬರೀ ರಿಪೇರಿ, ನಡುವಿನದಾದರೆ ಹೊಸ ಸೌಲಭ್ಯ, ಮೊದಲಿನದಾದರೆ ನಿಮ್ಮ ಶನಿವಾರದ ಸಿನಿಮಾ ಕ್ಯಾನ್ಸಲ್ ಎಂಬುದು ಸೆಮ್‌ವರ್ ಶಾಸ್ತ್ರ. ಶಾಸ್ತ್ರ ಓದಿದವರೆಲ್ಲ ಮಡಿ ಉಡುವುದಿಲ್ಲ. ಬರೀ ರಿಪೇರಿ ಎಂದುಕೊಂಡು ಬಂದದ್ದು ನಮ್ಮ ಲಾಗಿನ್ ಪುಟವನ್ನೇ ಮಲಗಿಸಿದ್ದುಂಟು.

ಒಮ್ಮೆಗೆ ಐದಕ್ಕಿಂತ ಹೆಚ್ಚು ಪುಲ್ ರಿಕ್ವೆಸ್ಟ್ ತೆರೆದಿಡಬಾರದೆಂಬ ಮಿತಿ ಇವನಿಗೆ ಮೊದಲಿಂದಲೇ ಇದೆ. ಮಿತಿ ಎಂದು ಹಿಗ್ಗಬೇಡಿ. ಒಂದನ್ನು ಮರ್ಜ್ ಮಾಡಿದಿರೋ, ಲಾಕ್ ಫೈಲಿನಲ್ಲಿ ಉಳಿದ ನಾಲ್ಕಕ್ಕೂ ಜಗಳ. ಇವನು ನಾಲ್ಕನ್ನೂ ರೀಬೇಸ್ ಮಾಡುತ್ತಾನೆ, ಟೆಸ್ಟುಗಳೆಲ್ಲ ಮೊದಲಿಂದ ಓಡುತ್ತವೆ, ಖಾಲಿಯಾದ ಜಾಗಕ್ಕೆ ಆರನೆಯದು ಬಂದು ಕೂರುತ್ತದೆ. ಬೇಡವೆಂದು ಮುಚ್ಚಿದರೆ, ಆಗಲಿ, ಈ ಆವೃತ್ತಿಯ ಸುದ್ದಿ ಮತ್ತೆ ಎತ್ತುವುದಿಲ್ಲ, ಹೊಸದು ಬಂದಾಗ ತಿಳಿಸುತ್ತೇನೆ ಎಂದು ವಿನಯವಾಗಿ ಬರೆದು ಹೋಗುತ್ತಾನೆ. ನಮ್ಮ ಬೀದಿಯ ವಿಮೆ ಏಜೆಂಟರೂ ಹೀಗೇ ಮಾತಾಡುವುದು.

ನಾನೋ ಹುಟ್ಟಾ ನಿಧಾನಿ. ಸೋಮವಾರ ಬಂದದ್ದನ್ನು ಶುಕ್ರವಾರ ನೋಡೋಣ, ಶುಕ್ರವಾರ ಡಿಪ್ಲಾಯ್ ಮಾಡಬಾರದಲ್ಲ, ಸೋಮವಾರ ನೋಡೋಣ ಎನ್ನುವ ಕುಲ. ಪಕ್ಕದ ಸೀಟಿನ ಹುಡುಗನಿಗೆ ಇದು ಸಹಿಸದು. “ಟೆಸ್ಟೆಲ್ಲ ಹಸಿರಿದೆ ಸರ್, ಆಟೋಮರ್ಜ್ ಹಾಕಿಬಿಡೋಣ. ನಾವು ನೋಡೋದೇ ಬೇಡ” ಎನ್ನುತ್ತಿದ್ದ. ನಾವು ಬರೆದ ಟೆಸ್ಟುಗಳ ಮೇಲೆ ಅವನಿಗಿದ್ದ ಭಕ್ತಿ ನಮಗೇ ಇರಲಿಲ್ಲ.

ಆಮೇಲೆ 2025ರ ಸೆಪ್ಟೆಂಬರ್ ಬಂತು. ಚಾಕ್, ಡೀಬಗ್ ಮುಂತಾದ ಎನ್‌ಪಿಎಂ ಪ್ಯಾಕೇಜುಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಒಂದು ಖೋಟಾ ಇಮೇಲ್: ನಿಮ್ಮ ಎರಡು ಹಂತದ ಭದ್ರತೆಯನ್ನು ಹೊಸದು ಮಾಡಿಕೊಳ್ಳಿ ಎಂದು. ಖಾತೆ ಕಳ್ಳರ ಕೈಸೇರಿತು. ಕ್ರಿಪ್ಟೊ ಹಣ ಲಪಟಾಯಿಸುವ ಕೋಡು ಹೊತ್ತ ಹೊಸ ಆವೃತ್ತಿಗಳು ಹೊರಬಿದ್ದವು. ಚಾಕ್ ಮಾಡುವ ಕೆಲಸವಾದರೂ ಏನು? ಟರ್ಮಿನಲ್ಲಿನ ಅಕ್ಷರಕ್ಕೆ ಬಣ್ಣ ಹಚ್ಚುವುದು. ಅಷ್ಟಕ್ಕೇ ವಾರವಾರ ಕೋಟಿಗಟ್ಟಲೆ ಡೌನ್‌ಲೋಡ್! ಕೆಲವೇ ಗಂಟೆಗಳಲ್ಲಿ ಮೋಸ ಪತ್ತೆಯಾಗಿ ಆ ಆವೃತ್ತಿಗಳನ್ನು ತೆಗೆದುಹಾಕಿದರು. ಆ ಗಂಟೆಗಳಲ್ಲಿ ಸಿಕ್ಕಿಬೀಳುವ ಯೋಗ ಯಾರಿಗಿತ್ತು? ಚುರುಕಿನವರಿಗೆ. ನನ್ನಂಥವರು ಇಮೇಲ್ ತೆರೆಯುವ ಹೊತ್ತಿಗೆ ಕಳ್ಳತನವೇ ಹಳೆಯದಾಗಿತ್ತು.

ಈಗ ದೊಡ್ಡ ದೊಡ್ಡ ಭದ್ರತಾ ತಜ್ಞರೇ ಹೇಳುತ್ತಿದ್ದಾರೆ: ಹೊಸ ಆವೃತ್ತಿ ಬಂದ ಕೂಡಲೇ ಹಾರಿ ಬೀಳಬೇಡಿ, ಕೆಲವು ದಿನ ತಡೆಯಿರಿ. ಅದಕ್ಕೆ ‘ಕೂಲ್‌ಡೌನ್’ ಎಂದು ಹೆಸರು. ರೆನೊವೇಟ್ ಎಂಬ ಇನ್ನೊಂದು ಬಾಟಿನಲ್ಲಿ ‘ಮಿನಿಮಮ್ ರಿಲೀಸ್ ಏಜ್’. ನಾನು ಇಷ್ಟು ಕಾಲ ಬೈಸಿಕೊಂಡು ಮಾಡಿದ್ದನ್ನು ಜಗತ್ತು ಸೆಟ್ಟಿಂಗ್ಸಿನಲ್ಲಿ ಸೇರಿಸಿಕೊಂಡಿದೆ.

ಎಲ್ಲರೂ ಕಾದರೆ ಕಳ್ಳನನ್ನು ಹಿಡಿಯುವವರು ಯಾರು ಎಂದು ಆ ಹುಡುಗ ತರ್ಕ ತೆಗೆದ. ಹೊಸ ಪ್ಯಾಕೇಜುಗಳನ್ನು ಜಾಲಾಡುವುದನ್ನೇ ಕಸುಬಾಗಿಸಿಕೊಂಡ ಕಂಪನಿಗಳಿವೆ, ಅವು ಕಾಯುವುದಿಲ್ಲ ಎಂದೆ. ಬಿಡಲಿಲ್ಲ, ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ಭದ್ರತಾ ತೂತನ್ನು ನೆನಪಿಸಿದ. ಅದು ನಿಜ. 2021ರ ಡಿಸೆಂಬರಿನಲ್ಲಿ ಆ ತೂತು ಬಯಲಾದಾಗ ತಿಂಗಳು ಮುಗಿಯುವುದರೊಳಗೆ 2.15, 2.16, 2.17, 2.17.1 ಎಂದು ತೇಪೆಯ ಮೇಲೆ ತೇಪೆ ಬಂತು. ಆಗ ಏಳು ದಿನ ಕಾಯುತ್ತೇನೆಂದು ಕೂತವರ ಸರ್ವರು ದೇವರಿಗೇ ಪ್ರೀತಿ. ಅದಕ್ಕೇ ಡಿಪೆಂಡಬಾಟಿನ ಕೂಲ್‌ಡೌನ್ ಭದ್ರತೆಯ ತೇಪೆಗಳಿಗೆ ಅನ್ವಯಿಸುವುದಿಲ್ಲ. ಅವು ಬಂದರೆ ನಾನೂ ಏಳಲೇಬೇಕು. ಇದೊಂದು ಅನ್ಯಾಯ ಉಳಿದುಕೊಂಡಿದೆ.

ಈ ಸಲದ ಅಪ್ರೈಸಲ್ ಫಾರ್ಮಿನಲ್ಲಿ ‘ಸಪ್ಲೈ ಚೈನ್ ಅಪಾಯ ತಗ್ಗಿಸುವ ನೀತಿ ರೂಪಿಸಿ ಜಾರಿಗೆ ತಂದಿದ್ದೇನೆ’ ಎಂದು ಬರೆದೆ. ಮ್ಯಾನೇಜರ್ ಕನ್ನಡಕ ಮೇಲೇರಿಸಿ, ನೀತಿ ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ‘ಕೂಲ್‌ಡೌನ್’ ಎಂದು ಒಂದು ಸಾಲು, ಅದರ ಕೆಳಗೆ ‘ಡಿಫಾಲ್ಟ್-ಡೇಸ್: 7’ ಎಂದು ಇನ್ನೊಂದು.

“ಎರಡೇ ಸಾಲೇನ್ರೀ?”

“ಜಾರಿಗೆ ತರೋಕೆ ಟೈಮ್ ಹಿಡೀತು ಸರ್.”