ರಕ್ಷಣಾ ಷೇರು: ಬಳಸುವ ಮುನ್ನ ಪೂರ್ತಿ ಓದಿ

ಗ್ರಾಹಕ ಮಹಾಶಯರೇ,

ರಕ್ಷಣಾ ಷೇರು ಕೊಂಡಿದ್ದಕ್ಕೆ ಅಭಿನಂದನೆಗಳು. ನಿಮ್ಮ ಮನೆಯ ಮಿಕ್ಸಿ, ಗೀಸರು, ಕುಕ್ಕರುಗಳ ಜೊತೆ ಬಂದ ಕೈಪಿಡಿಗಳನ್ನು ನೀವು ಬಿಡಿಸಿಯೂ ನೋಡದೆ ಅಟ್ಟದ ಮೇಲೆ ಒಗೆದಿದ್ದೀರಿ ಎಂಬುದು ನಮಗೆ ಗೊತ್ತು. ಇದನ್ನಾದರೂ ಓದಿ. ಮಿಕ್ಸಿ ಕೆಟ್ಟರೆ ಸುಟ್ಟ ವಾಸನೆ ಬರುತ್ತದೆ. ಈ ಉಪಕರಣ ಕೆಡುವುದೇ ಇಲ್ಲ, ಕೆಡುವುದು ಬಳಸುವವರು. ಅದಕ್ಕೆ ವಾಸನೆಯೂ ಇಲ್ಲ.

1. ಪೆಟ್ಟಿಗೆಯಲ್ಲಿ ಏನೇನಿದೆ?

ಏನೂ ಇಲ್ಲ. ಹಿಂದೆ ಕಾಗದದ ಪತ್ರವಾದರೂ ಇರುತ್ತಿತ್ತು, ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಡಬಹುದಿತ್ತು. ಈಗ ಡಿಮ್ಯಾಟ್ ಖಾತೆಯಲ್ಲಿ ಒಂದು ಅಂಕಿ, ಅಷ್ಟೆ.

ಆದರೆ ಬೆಂಗಳೂರಿನ ಮಟ್ಟಿಗೆ ಆ ಅಂಕಿಯ ಹಿಂದೆ ಒಂದು ಊರೇ ಇದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ವಿಮಾನ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. 1954ರಲ್ಲಿ ಜಾಲಹಳ್ಳಿಯಲ್ಲಿ, ಮುಂದೆ ರಾಡಾರಿಗೆ ಹೆಸರಾದ ಬಿಇಎಲ್ ಬಂತು. ಹುಡುಗನಿಗೆ ಬಿಇಎಲ್‌ನಲ್ಲಿ ಕೆಲಸ ಎಂದರೆ ಜಾತಕವನ್ನು ಎರಡನೇ ಸಲ ನೋಡದ ಕಾಲವೊಂದಿತ್ತು. ನಮ್ಮ ದೊಡ್ಡಪ್ಪ ಅಲ್ಲಿ ಮೂವತ್ತು ವರ್ಷ ದುಡಿದು, ವಿದ್ಯಾರಣ್ಯಪುರದ ಬಿಇಎಲ್ ಲೇಔಟಿನಲ್ಲಿ ಮನೆ ಕಟ್ಟಿಸಿ, ಒಂದೇ ಒಂದು ಷೇರನ್ನೂ ಕೊಳ್ಳದೆ ನಿವೃತ್ತರಾದರು. ಯಾಕೆಂದು ಕೇಳಿದರೆ, "ಸಂಬಳ ಕೊಟ್ಟಿದ್ದಾರಲ್ಲೋ, ಇನ್ನೆಷ್ಟು ಕೇಳೋದು?" ಎನ್ನುತ್ತಾರೆ. ಈ ಉಪಕರಣ ಅಂಥವರಿಗಲ್ಲ.

2. ಅಳವಡಿಸುವ ವಿಧಾನ

"ನಾನು ಈ ಗೊಡವೆಗೇ ಹೋಗುವುದಿಲ್ಲ" ಎನ್ನುವವರು ತುಸು ತಡೆಯಿರಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಿಇಎಲ್ ನಿಫ್ಟಿ 50 ಸೂಚ್ಯಂಕಕ್ಕೆ ಸೇರಿತು. ನಿಮ್ಮ ಹೆಸರಲ್ಲೊಂದು ನಿಫ್ಟಿ ಇಂಡೆಕ್ಸ್ ಫಂಡಿನ ಎಸ್‌ಐಪಿ ಇದ್ದರೆ ರಾಡಾರಿನ ಒಂದು ಬೋಲ್ಟು ಆಗಲೇ ನಿಮ್ಮದು. ನಿಮ್ಮ ಸಂಬಳದಲ್ಲಿ ಕಡಿತವಾಗುವ ಪಿಎಫ್ ಹಣದ ಒಂದು ಪಾಲೂ ಇಂಥ ಸೂಚ್ಯಂಕದ ಇಟಿಎಫ್‌ಗಳಿಗೇ ಹೋಗುತ್ತದೆ. ಅಂದರೆ ಉಪಕರಣವನ್ನು ನಿಮ್ಮ ಮನೆಯಲ್ಲಿ ಮೊದಲೇ ಅಳವಡಿಸಲಾಗಿದೆ. ನೀವು ಮೀಟರು ನೋಡಿರಲಿಲ್ಲ ಅಷ್ಟೆ.

3. ಯಂತ್ರ ಕೆಲಸ ಮಾಡುವ ಬಗೆ

ಇದರ ಗಿರಾಕಿ ಹೆಚ್ಚುಕಡಿಮೆ ಒಬ್ಬನೇ, ಸರ್ಕಾರ. ಎಚ್‌ಎಎಲ್‌ನಲ್ಲಿ ಶೇ. 71.64, ಬಿಇಎಲ್‌ನಲ್ಲಿ ಶೇ. 51.14 ಪಾಲು ಕೇಂದ್ರ ಸರ್ಕಾರದ್ದೇ ಆದ್ದರಿಂದ ಅಂಗಡಿಯ ಯಜಮಾನನೂ ಅವನೇ. ಅಳಿಯ ಮಾವನ ಅಂಗಡಿಯಲ್ಲಿ ಬಟ್ಟೆ ಕೊಂಡ ಹಾಗೆ ಇಲ್ಲಿ ವ್ಯಾಪಾರ. ಗಿರಾಕಿ ತಪ್ಪುವುದಿಲ್ಲ, ಆದರೆ ಹೊಲಿದುಕೊಡುವುದು ತಡವಾದರೆ ಮನೆಯೊಳಗೇ ಮಾತು ಬೆಳೆಯುತ್ತದೆ.

ಲಾಭ ಹುಟ್ಟುವುದು ಆರ್ಡರಿನಲ್ಲಿ. 2021ರ ಫೆಬ್ರವರಿಯಲ್ಲಿ ಎಚ್‌ಎಎಲ್ ಜೊತೆ 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿಯ ಒಪ್ಪಂದವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿ. ಮೊದಲ ಕಂತಿನ ವಿಮಾನಗಳು 2024ರ ಮಾರ್ಚ್‌ನಿಂದಲೇ ವಾಯುಪಡೆಯ ಕೈಸೇರಬೇಕಿತ್ತು. ಆದರೆ ಅವುಗಳಿಗೆ ಬೇಕಾದ 99 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಅಮೆರಿಕದ ಜಿಇ ಕಂಪನಿ ಕೊಟ್ಟದ್ದೇ 2025ರ ಮಾರ್ಚ್‌ನಲ್ಲಿ. ಚಪ್ಪರ ಹಾಕಿಯಾಗಿತ್ತು, ವಾಲಗದವರು ಬಂದು ಕೂತಿದ್ದರು, ಗಂಡು ಮಾತ್ರ ಅಮೆರಿಕದಿಂದ ಬರಬೇಕಿತ್ತು.

ಬೆಲೆಯ ಏರಿಳಿತವನ್ನು ತಿಳಿಯಲು ಈ ಪ್ರಾತ್ಯಕ್ಷಿಕೆ ನೋಡಿ. 2018ರ ಮಾರ್ಚ್‌ನಲ್ಲಿ ಎಚ್‌ಎಎಲ್ ಷೇರು ಮೊದಲ ಸಲ ಸಾರ್ವಜನಿಕರ ಮುಂದೆ ಬಂದಾಗ ಕೇಳಿದ ಬೆಲೆ 1,215ರಿಂದ 1,240 ರೂಪಾಯಿ. ಜನ ಮೂಸಿಯೂ ನೋಡಲಿಲ್ಲ. ದೊಡ್ಡ ಪಾಲನ್ನು ಎಲ್‌ಐಸಿ ಎತ್ತಿಕೊಂಡು ಮರ್ಯಾದೆ ಉಳಿಸಿತು. 2023ರಲ್ಲಿ ಒಂದು ಷೇರು ಎರಡಾಯಿತು. ಆ ಲೆಕ್ಕದಲ್ಲಿ ಅಂದಿನ ಬೆಲೆ ಇಂದಿನ 620 ರೂಪಾಯಿಯ ಆಸುಪಾಸು. 2024ರ ಜುಲೈನಲ್ಲಿ ಅದು 5,600 ದಾಟಿತು, ಸುಮಾರು ಒಂಬತ್ತು ಪಟ್ಟು. ಅಲ್ಲಿ ಓಡಿಹೋಗಿ ಹತ್ತಿದವರಿಗೆ 2025ರ ಮಾರ್ಚ್ ಆರಂಭದಲ್ಲಿ 3,050ರ ಸುತ್ತಮುತ್ತ ಇಳಿಯುವ ನಿಲ್ದಾಣ ಸಿಕ್ಕಿತು.

ಸೂಚನೆ: 2018ರಲ್ಲಿ ಯಾರೂ ಕೇಳದಿದ್ದಾಗ ಕೊಂಡವರು ಈಗ ತಮ್ಮನ್ನು ದೂರದರ್ಶಿಗಳು ಎಂದು ಕರೆದುಕೊಳ್ಳುತ್ತಾರೆ. ಅವರನ್ನು ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಬೇಡಿ.

4. ಸುರಕ್ಷತಾ ಎಚ್ಚರಿಕೆಗಳು

ಈ ಉಪಕರಣ ಎಲ್ಲ ದೇಶಗಳ ಮನಸ್ಸಾಕ್ಷಿಗೂ ಒಂದೇ ವೋಲ್ಟೇಜಿನಲ್ಲಿ ಹೊಂದುವುದಿಲ್ಲ.

ನಾರ್ವೆ ದೇಶ ತನ್ನ ತೈಲದ ಹಣದಿಂದ ಕಟ್ಟಿಕೊಂಡ ದೊಡ್ಡ ಸರ್ಕಾರಿ ಪಿಂಚಣಿ ನಿಧಿಗೆ ಒಂದು ನೈತಿಕ ಮಂಡಳಿಯಿದೆ. 2021ರಲ್ಲಿ ಮ್ಯಾನ್ಮಾರ್‌ನ ಸೇನೆ ಅಧಿಕಾರ ಕಿತ್ತುಕೊಂಡ ಮೇಲೂ ಅಲ್ಲಿಗೆ ಶಸ್ತ್ರ ಸಾಮಗ್ರಿ ಹೋಯಿತು ಎಂಬ ಕಾರಣಕ್ಕೆ ಆ ನಿಧಿ ತನ್ನ ಪಟ್ಟಿಯಿಂದ ಹೊರಗಿಟ್ಟ ಕಂಪನಿಗಳಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಒಂದು. ಚುನಾವಣೆಯ ಮತಯಂತ್ರ ಮಾಡಿಕೊಡುವ, 2020ರ ಕೋವಿಡ್ ಕಾಲದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್‌ಗಳ ಆರ್ಡರು ಹಿಡಿದ ಅದೇ ಬಿಇಎಲ್. ಉಸಿರು ಕೊಡುವ ಯಂತ್ರ, ಓಟು ಎಣಿಸುವ ಯಂತ್ರ, ಗುರಿ ಹಿಡಿಯುವ ಯಂತ್ರ, ಮೂರಕ್ಕೂ ಒಂದೇ ಗೇಟು. ನಿಮ್ಮ ಒಂದು ಷೇರಿನಲ್ಲಿ ವೆಂಟಿಲೇಟರನ್ನಷ್ಟೇ ಬಿಡಿಸಿ ಇಟ್ಟುಕೊಳ್ಳುವ ಸೌಲಭ್ಯವಿಲ್ಲ.

ಹಾಗೆಂದು ಯುರೋಪಿನವರ ಮಡಿಯನ್ನೂ ಪೂರ್ತಿ ನಂಬಬೇಡಿ. ಮಡಿ ಎಷ್ಟು ಹೊತ್ತು ಎಂಬುದು ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ಅವಲಂಬಿಸಿದೆ. ರಷ್ಯಾ 2022ರ ಫೆಬ್ರವರಿಯಲ್ಲಿ ಉಕ್ರೇನಿಗೆ ನುಗ್ಗಿತು. ಏಪ್ರಿಲ್ ಹೊತ್ತಿಗೆ ಸ್ವೀಡನ್ನಿನ ಎಸ್‌ಇಬಿ ಬ್ಯಾಂಕು ತನ್ನ ಕೆಲವು ಫಂಡುಗಳಿಗೆ ರಕ್ಷಣಾ ಕಂಪನಿಗಳ ಬಾಗಿಲು ತೆರೆಯಿತು. ಯುದ್ಧಕ್ಕೆ ಮುಂಚೆ 100 ಯೂರೋ ಸುಮಾರಿಗಿದ್ದ ಜರ್ಮನಿಯ ರೈನ್‌ಮೆಟಲ್ ಷೇರು 2025ರಲ್ಲಿ 1,000 ದಾಟಿತು. ಮಡಿಬಟ್ಟೆ ಅಷ್ಟು ಬೇಗ ಒಣಗಿದ್ದನ್ನು ನಮ್ಮ ಅಜ್ಜಿಯರೂ ಕಂಡಿರಲಿಲ್ಲ.

5. ಮನಸ್ಸಾಕ್ಷಿಯನ್ನು ತೊಳೆಯುವ ವಿಧಾನ

ವಾರಕ್ಕೊಮ್ಮೆ, ಉಗುರುಬೆಚ್ಚಗಿನ ವಾದಗಳಿಂದ ತೊಳೆಯಿರಿ.

ಮೊದಲ ತೊಳೆತ: "ನನ್ನ ಹಣದಿಂದ ಅವರು ಗುಂಡು ಮಾಡಿಲ್ಲ." ಇದು ನಿಜ. 2018ರ ಎಚ್‌ಎಎಲ್ ಮಾರಾಟದಲ್ಲಿ ಸರ್ಕಾರ ತನ್ನ ಪಾಲನ್ನು ಮಾರಿತು, ಹಣ ಸರ್ಕಾರದ ಬೊಕ್ಕಸಕ್ಕೇ ಹೋಯಿತು. ಕಂಪನಿಗೆ ಅದರಲ್ಲಿ ಒಂದು ನಟ್ಟಿನ ದುಡ್ಡೂ ಬರಲಿಲ್ಲ. ಆಮೇಲೆ ಕೊಂಡವರ ಹಣ ಮಾರಿದವರ ಜೇಬಿಗೆ ಹೋಗಿದೆ.

ಎರಡನೇ ತೊಳೆತ: "ನಾನು ಹೇಳಿದರೆ ಯಾರು ಕೇಳುತ್ತಾರೆ?" ಇದೂ ನಿಜ. ಮುಕ್ಕಾಲು ಪಾಲಿನ ಹತ್ತಿರ ಒಬ್ಬನದೇ ಇರುವ ಕಂಪನಿಯ ವಾರ್ಷಿಕ ಸಭೆಯಲ್ಲಿ ನಿಮ್ಮ ನಲವತ್ತು ಷೇರಿನ ಓಟು ಸಮುದ್ರಕ್ಕೆ ಹಾಕಿದ ಹುಣಸೆಹಣ್ಣು.

ಮೂರನೇ ತೊಳೆತ: "ತೆರಿಗೆ ಕಟ್ಟುವವರೆಲ್ಲ ಪಾಲುದಾರರೇ." ಅದೂ ಸರಿ. 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ತೆಗೆದಿಟ್ಟ 6.81 ಲಕ್ಷ ಕೋಟಿಯಲ್ಲಿ, ಬೀದಿಬದಿಯಲ್ಲಿ ಸೋಪು ಕೊಂಡ ಅಜ್ಜಿಯ ಜಿಎಸ್‌ಟಿಯೂ ಇದೆ. ಗಡಿ ಇರುವ ದೇಶಕ್ಕೆ ರಾಡಾರು ಬೇಕು, ಅದನ್ನು ಯಾರಾದರೂ ಮಾಡಲೇಬೇಕು.

ಮೂರು ಸಲ ತೊಳೆದು ಬಿಸಿಲಿಗೆ ಹಿಡಿದು ನೋಡಿ. ಹಣ ಕೊಟ್ಟಿಲ್ಲ, ಮಾತು ನಡೆಯುವುದಿಲ್ಲ, ಹೊಣೆ ಎಲ್ಲರದೂ. ಆದರೂ ಒಂದು ಕಲೆ ಉಳಿದಿರುತ್ತದೆ. ಅದು ಸೋಪಿಗೆ ಹೋಗುವ ಕಲೆಯಲ್ಲ. ಹಳೆಯ ಕೈಪಿಡಿಯೊಂದರಲ್ಲಿ ಅದಕ್ಕೆ ಹೆಸರಿದೆ.

ಸಮಂತಭದ್ರ ಆಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ಜೈನ ಗೃಹಸ್ಥರಿಗೆ ಬರೆದ ನಿಜವಾದ ಬಳಕೆದಾರರ ಕೈಪಿಡಿ. ಜೈನಧರ್ಮ ಗೃಹಸ್ಥನಿಗೆ ಆತ್ಮರಕ್ಷಣೆಯ ಹಿಂಸೆಯನ್ನು ಕೊನೆಯ ದಾರಿಯಾಗಿ ಬಿಟ್ಟುಕೊಟ್ಟಿದೆ. ಗೆದ್ದ ಯುದ್ಧವನ್ನೇ ಬಿಟ್ಟುನಡೆದ ಬಾಹುಬಲಿಯ ಮೂರ್ತಿಯನ್ನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಚಾವುಂಡರಾಯ ಸ್ವತಃ ಗಂಗರ ಸೇನಾಪತಿ. ಹಾಗಾಗಿ ಕತ್ತಿ ಎಂದಕೂಡಲೇ ಅಲ್ಲಿ ಬಾಗಿಲು ಹಾಕಿಕೊಳ್ಳುವುದಿಲ್ಲ. ಆ ಗ್ರಂಥ ತಡೆಯುವುದು 'ಅನರ್ಥದಂಡ'ವನ್ನು, ಅಂದರೆ ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪವನ್ನು. ಅದರಲ್ಲಿ ಐದು ಬಗೆ. ಒಂದು ಹಿಂಸಾದಾನ: ಕೊಡಲಿ, ಕತ್ತಿ, ವಿಷ, ಸಂಕೋಲೆಗಳನ್ನು ಕಂಡವರ ಕೈಗೆ ಕೊಡುವುದು. ಮ್ಯಾನ್ಮಾರ್ ಈ ಕಲಮಿನಲ್ಲಿ ಬರುತ್ತದೆ. ಇನ್ನೊಂದು ಅಪಧ್ಯಾನ: ಇನ್ನೊಬ್ಬರಿಗೆ ಸಾವುನೋವು ಬರಲಿ ಎಂದು ಮನಸ್ಸಿನಲ್ಲೇ ನೆನೆಯುವುದು. ಕೈ ಆಡಿಸಬೇಕಿಲ್ಲ, ಬಾಯಿ ತೆರೆಯಬೇಕಿಲ್ಲ, ನೆನೆದರೆ ಸಾಕು.

"ನಮ್ಮದರಲ್ಲಿ ಅರ್ಥ ಇದೆಯಲ್ಲ, ಅನರ್ಥ ಹೇಗಾದೀತು?" ಎಂದು ಡಿವಿಡೆಂಡು ತೋರಿಸುವವರು ಮುಂದಿನ ಭಾಗ ಓದಿ.

6. ದೋಷಗಳು, ಕಾರಣ ಮತ್ತು ಪರಿಹಾರ

ದೋಷ: ಸಾವಿನ ಸುದ್ದಿ ಶೇಕಡಾವಾರಿನಲ್ಲಿ ಕಾಣಿಸುತ್ತದೆ.
ಕಾರಣ: 2025ರ ನವೆಂಬರ್ 21, ಶುಕ್ರವಾರ ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ವಿಮಾನ ಬಿದ್ದು ಪೈಲಟ್ ತೀರಿಕೊಂಡರು. ಸೋಮವಾರ ಮಾರುಕಟ್ಟೆ ತೆರೆದಾಗ ಎಚ್‌ಎಎಲ್ ಷೇರು ಕುಸಿಯಿತು. ನಡುವಿನ ಎರಡು ರಜಾದಿನ ನೀವು ಯಾರ ಬಗ್ಗೆ ಯೋಚಿಸುತ್ತಿದ್ದಿರಿ?
ಪರಿಹಾರ: ಈ ಪ್ರಶ್ನೆಗೆ ಉತ್ತರ ಬರೆದು ನೀವೇ ಇಟ್ಟುಕೊಳ್ಳಿ. ನಮಗೆ ಕಳಿಸಬೇಡಿ.

ದೋಷ: ಫೋನು ರಿಂಗಾದರೂ ಎತ್ತಲಾಗುವುದಿಲ್ಲ.
ಕಾರಣ: ಇದನ್ನು ಕೈಪಿಡಿ ಬರೆದವನ ಮೇಲೆಯೇ ಪರೀಕ್ಷಿಸಲಾಗಿದೆ. 2025ರ ಮೇ 9, ಶುಕ್ರವಾರ, ಆಪರೇಷನ್ ಸಿಂಧೂರದ ಮೂರನೇ ದಿನ. ಹಿಂದಿನ ರಾತ್ರಿ ಜಮ್ಮುವಿನ ಆಕಾಶದಲ್ಲಿ ಡ್ರೋನುಗಳು ಸಿಡಿಯುವುದನ್ನು ಟಿವಿ ತಿರುಗಿಸಿ ಮುರುಗಿಸಿ ತೋರಿಸುತ್ತಿತ್ತು. ಸೆನ್ಸೆಕ್ಸ್ ಇಳಿಯುತ್ತಿತ್ತು, ರಕ್ಷಣಾ ಷೇರುಗಳು ಮಾತ್ರ ಹಸಿರು. ಒಂದು ಕೈಯಲ್ಲಿ ಉಪ್ಪಿಟ್ಟಿನ ಚಮಚ, ಇನ್ನೊಂದರಲ್ಲಿ ಆ್ಯಪು. ಪರದೆಯ ಮೇಲೆ ತಂಗಿಯ ಹೆಸರು ಮೂಡಿತು. ಅವಳ ಮಗ ಜಮ್ಮು ಕಡೆ ಪೋಸ್ಟಿಂಗಿನಲ್ಲಿದ್ದಾನೆ. ಅವಳ ಹೆಸರು ಬೆಲೆಯ ಮೇಲೆ ಬಂದು ಕೂತಿದ್ದರಿಂದ ಅಂಕಿ ಕಾಣಿಸುತ್ತಿರಲಿಲ್ಲ. ನಾನು ಆ ಹೆಸರನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿದೆ. ಬೆಲೆ ಇನ್ನೂ ಎರಡು ರೂಪಾಯಿ ಏರಿತ್ತು.

ಆಮೇಲೆ ನಾನೇ ಫೋನು ಮಾಡಿದೆ. "ಅಣ್ಣಾ, ಮಗು ಬೆಳಿಗ್ಗೆ ಮಾತಾಡಿದ, ಚೆನ್ನಾಗಿದ್ದಾನಂತೆ, ಅದನ್ನ ಹೇಳೋಣ ಅಂತ ಮಾಡಿದ್ದೆ," ಎಂದಳು. ಯಾಕೆ ಎತ್ತಲಿಲ್ಲ ಎಂದು ಅವಳು ಕೇಳಲಿಲ್ಲ. ಸ್ನಾನಕ್ಕೆ ಹೋಗಿದ್ದೆ ಎಂದು ನಾನೇ ಹೇಳಿದೆ.

ಪರಿಹಾರ: ಲೆಕ್ಕ ಮಾಡಿ ನೋಡಿ. ಯುದ್ಧ ಇನ್ನೊಂದು ದಿನ ಮುಂದುವರಿದಿದ್ದರೆ ಕಂಪನಿಗೆ ಬರುತ್ತಿದ್ದ ಲಾಭ ಎಷ್ಟು? ಆ ತ್ರೈಮಾಸಿಕದ ಗಳಿಕೆ ಬಂದದ್ದು ವರ್ಷಗಳ ಹಿಂದೆ ಸಹಿಯಾದ ಒಪ್ಪಂದಗಳಿಂದ. 2025ರ ಮಾರ್ಚ್ ಕೊನೆಗೆ ಎಚ್‌ಎಎಲ್ ಕೈಯಲ್ಲಿದ್ದ ಸುಮಾರು 1.89 ಲಕ್ಷ ಕೋಟಿಯ ಆರ್ಡರುಗಳಿಗೆ ಆ ರಾತ್ರಿಯ ಡ್ರೋನುಗಳು ಕಾರಣವಲ್ಲ. ಮೇ 10ರಂದು ಕದನವಿರಾಮವಾಯಿತು, ಸೋಮವಾರ ಸೆನ್ಸೆಕ್ಸ್ ಸುಮಾರು 3,000 ಅಂಶ ಜಿಗಿಯಿತು. ಅಂದರೆ ಯುದ್ಧ ಇನ್ನೂ ನಡೆಯಲಿ ಎಂದು ನಾನು ಹೆಬ್ಬೆರಳಲ್ಲಿ ಹಾರೈಸಿದ್ದರಿಂದ ಗಡಿಯಲ್ಲಿ ಏನೂ ಆಗಲಿಲ್ಲ, ಖಾತೆಗೂ ನಯಾಪೈಸೆ ಬರಲಿಲ್ಲ. ಷೇರು ಲಾಭದ್ದೇ ಇರಬಹುದು, ಹಾರೈಕೆ ಮಾತ್ರ ಬಿಟ್ಟಿ. ಸಮಂತಭದ್ರರ ಪದ ಅಷ್ಟು ಕರಾರುವಾಕ್ಕಾಗಿದೆ ಎಂದು ನನಗೆ ಆವತ್ತೇ ತಿಳಿದದ್ದು: ಅನರ್ಥದಂಡ.

7. ನಿರ್ವಹಣೆ

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಆ್ಯಪು ತೆರೆಯಿರಿ. ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ, ಈಳಿಗೆಮಣೆಗೆ ಕುಂಕುಮ ಹಚ್ಚಿದ ಮೇಲೆ ಕಂಪನಿಯ ವಾರ್ಷಿಕ ವರದಿ ಓದಿ. ಆರ್ಡರು ಎಷ್ಟು, ಪೂರೈಸಿದ್ದೆಷ್ಟು, ತಡ ಎಷ್ಟು, ಯಾವ ದೇಶಕ್ಕೆ ಏನು ಹೋಗಿದೆ ಎಂದು ನೋಡಿ. ಕೊನೆಯ ಸಾಲಿಗೆ ನಿಮ್ಮ ಹೊಟ್ಟೆ ಒಪ್ಪದಿದ್ದರೆ ಹಬ್ಬ ಮುಗಿದ ಮೇಲೆ ಮಾರಿಬಿಡಿ. ಒಪ್ಪಿದರೆ ಇಟ್ಟುಕೊಳ್ಳಿ. ಆಯುಧಕ್ಕೆ ಹೂವಿಟ್ಟು ಅದನ್ನು ಆವತ್ತು ಮುಟ್ಟದೆ ಬಿಡುವ ಹಬ್ಬ ಅದು.

ಟಿವಿಯಲ್ಲಿ ಗುಂಡಿನ ಸದ್ದು ಕೇಳುತ್ತಿರುವಾಗ ಉಪಕರಣವನ್ನು ಬಳಸಕೂಡದು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದ ಹಾಗಾಗುತ್ತದೆ.

8. ವಾರಂಟಿ

ಬೆಲೆಗೆ ಇಲ್ಲ. ಮನಸ್ಸಿಗೂ ಇಲ್ಲ. ದೊಡ್ಡಪ್ಪನವರ ಮಾದರಿಗೆ ಮಾತ್ರ ಆಜೀವ ವಾರಂಟಿ ಇತ್ತು, ಅದರ ಉತ್ಪಾದನೆ ನಿಂತಿದೆ.

9. ಸಹಾಯವಾಣಿ

ನಮ್ಮದು ಯಾವುದೂ ಇಲ್ಲ. ನಿಮ್ಮ ಫೋನಿನಲ್ಲಿ ತಂಗಿಯ ನಂಬರು ಇದ್ದೇ ಇರುತ್ತದೆ. ಅವಳು ಮಾಡಿದಾಗ ಮೊದಲ ರಿಂಗಿಗೇ ಎತ್ತಿ.