ಬ್ರೌಸರ್ ಮೀಮಾಂಸೆ ಅರ್ಥಾತ್ ದೇವದತ್ತನ ರಾತ್ರಿಯೂಟ

ಶಾಸ್ತ್ರಗ್ರಂಥವೆಂದ ಮೇಲೆ ಮಂಗಳಾಚರಣೆಯಿಂದ ಆರಂಭವಾಗಬೇಕು. ಆದರೆ ಸ್ತುತಿಗೆಂದು ಫೋನಿನಲ್ಲಿ ಗಣಪತಿಯ ಹೆಸರು ಟೈಪಿಸಿದ್ದೇ ತಡ, ಹಿತ್ತಾಳೆ ವಿಗ್ರಹದವರು, ಚೌತಿ ಸೇಲಿನವರು, ಮೋದಕದ ಅಚ್ಚು ಮಾರುವವರು ಸಾಲುಗಟ್ಟಿ ನಿಂತುಬಿಟ್ಟರು. ಆದಕಾರಣ ಪ್ರಸ್ತುತ ಗ್ರಂಥದ ಮಂಗಳಾಚರಣೆಯನ್ನು ಗ್ರಂಥಕರ್ತನು ನೆಟ್ ಆಫ್ ಮಾಡಿಕೊಂಡು ಮನಸ್ಸಿನಲ್ಲಿಯೇ ನೆರವೇರಿಸಿದ್ದಾನೆಂದು ತಿಳಿಯತಕ್ಕದ್ದು.

ಇನ್ನು ಅನುಬಂಧ ಚತುಷ್ಟಯ. ವಿಷಯ: ನಮ್ಮ ಗುಟ್ಟು ಕಾಯುವ ಬ್ರೌಸರ್ ಯಾವುದೆಂಬ ಜಿಜ್ಞಾಸೆ. ಪ್ರಯೋಜನ: ಒಮ್ಮೆ ಮಂಡಿನೋವಿನ ಎಣ್ಣೆ ಹುಡುಕಿದ ತಪ್ಪಿಗೆ ತಿಂಗಳುಗಟ್ಟಲೆ ಮಂಡಿನೋವಿನ ಎಣ್ಣೆಯನ್ನೇ ನೋಡುವ ಕರ್ಮದಿಂದ ಬಿಡುಗಡೆ. ಸಂಬಂಧ: ಓದುಗರಿಗೂ ಈ ವಿಷಯಕ್ಕೂ ಇರುವ ನಂಟು; ಅದನ್ನು ಜಾಹೀರಾತು ಕಂಪನಿಗಳು ಆಗಲೇ ಬರೆದಿಟ್ಟುಕೊಂಡಿವೆ. ಅಧಿಕಾರಿ: ಕೈಯಲ್ಲಿ ಫೋನಿರುವ ಯಾರಾದರೂ ಸರಿ, ಆಧಾರ್ ಲಿಂಕ್ ಆಗಿರಬೇಕೆಂಬ ನಿಯಮವಿಲ್ಲ. ಸೂತ್ರ ರಚಿಸಿದವನೂ ಭಾಷ್ಯ ಬರೆದವನೂ ಒಬ್ಬನೇ ಆದ್ದರಿಂದ ಪಾಠಾಂತರದ ಜಗಳವೂ ಇಲ್ಲ.

ಮೊದಲು ಪೂರ್ವಪಕ್ಷ. ‘ನಾನೇನು ಕಳ್ಳನೇ? ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ? ನೋಡುವವರು ನೋಡಿಕೊಳ್ಳಲಿ ಬಿಡಿ’ ಎಂಬುದು ಪೂರ್ವಪಕ್ಷಿಗಳ ಮಾತು. ಇವರು ಸಾಮಾನ್ಯವಾಗಿ ಮದುವೆಮನೆಗಳಲ್ಲಿ ಎರಡನೆಯ ಪಂಕ್ತಿಗೆ ಕಾಯುವ ಹೊತ್ತಿನಲ್ಲಿ ಸಿಗುತ್ತಾರೆ. ಇವರಿಗೆ ತರ್ಕದಿಂದ ಉತ್ತರ ಕೊಡಬಾರದು. ‘ಹಾಗಾದರೆ ಲಾಕ್ ತೆಗೆದು ಫೋನನ್ನು ಭಾವಮೈದುನನ ಕೈಗೆ ಕೊಟ್ಟು, ನಿಧಾನವಾಗಿ ಕೈ ತೊಳೆದುಕೊಂಡು ಬನ್ನಿ’ ಎನ್ನಬೇಕು. ಪೂರ್ವಪಕ್ಷ ಅಲ್ಲಿಗೆ ಬಿತ್ತು. ತರ್ಕವೇ ಬೇಕೆನ್ನುವವರಿಗೆ ಸುಪ್ರೀಂ ಕೋರ್ಟಿನ ತೀರ್ಪಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು. ಅವರು ಅಷ್ಟು ಪಾಡುಪಟ್ಟು ಗೆದ್ದುಕೊಟ್ಟ ಹಕ್ಕನ್ನು ನಾವು ‘ಎಲ್ಲ ಕುಕಿಗಳಿಗೂ ಒಪ್ಪಿಗೆ’ ಎಂಬ ಗುಂಡಿ ಒತ್ತಿ ಕಂಡಕಂಡವರಿಗೆ ದಾನ ಮಾಡುತ್ತಿದ್ದೇವೆ. ಕರ್ಣನಿಗಾದರೂ ಬೇಡಲು ಬಂದವನು ಯಾರೆಂದು ಗೊತ್ತಿತ್ತು.

ಪೂರ್ವಪಕ್ಷ ತೀರಿತು, ಇನ್ನು ಪ್ರಮಾಣಗಳು, ಅಂದರೆ ಜ್ಞಾನದ ಸಾಧನಗಳು. ಅವು ಆರು. ಉಪಮಾನವನ್ನು ಇಲ್ಲಿ ಕೈಬಿಟ್ಟಿದೆ. ನನ್ನನ್ನು ನನ್ನಂಥ ಇತರರೊಡನೆ ಹೋಲಿಸಿ ನನಗೇನು ಮಾರಬಹುದೆಂದು ಲೆಕ್ಕ ಹಾಕುವ ಕೆಲಸವನ್ನು ಜಾಹೀರಾತಿನವರೇ ಚೆನ್ನಾಗಿ ಮಾಡುತ್ತಿದ್ದಾರೆ. ಅನುಮಾನದ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ. ಅದು ಎಲ್ಲರಿಗೂ ಇದ್ದೇ ಇದೆ. ಪ್ರತ್ಯಕ್ಷವಂತೂ ನಮ್ಮಂಥವರಿಗೆ ಒದಗದು, ಏಕೆಂದರೆ ಬ್ರೌಸರ್ ತನ್ನನ್ನು ಕಟ್ಟಿದ ಯಜಮಾನನೊಡನೆ ಆಡುವ ಮಾತು ಪರದೆಯ ಮೇಲೆ ಕಾಣುವುದಿಲ್ಲ. ಆದರೂ 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಎಂಬ ಪ್ರಾಧ್ಯಾಪಕರು ಆರು ಬ್ರೌಸರ್‌ಗಳ ಆ ಮಾತಿಗೆ ಕಿವಿಗೊಟ್ಟು ಕುಳಿತರು. ಬ್ರೇವ್ ಎಲ್ಲಕ್ಕಿಂತ ಮಿತಭಾಷಿ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮಧ್ಯಮ ವರ್ಗ. ವಿಳಾಸಪಟ್ಟಿಯಲ್ಲಿ ನೀವು ಅಕ್ಷರ ಕುಟ್ಟುತ್ತಿರುವಾಗಲೇ ಅದನ್ನು ಮನೆಗೆ ತಿಳಿಸುವ ಜಾಯಮಾನ. ಎಡ್ಜ್ ಮತ್ತು ರಷ್ಯಾದ ಯಾಂಡೆಕ್ಸ್ ಕೊನೆಯ ಪಂಕ್ತಿ. ಅವು ಯಂತ್ರದ ಗುರುತನ್ನೇ ಕಳಿಸುತ್ತಿದ್ದವು, ಬ್ರೌಸರನ್ನು ತೆಗೆದು ಮತ್ತೆ ಹಾಕಿಕೊಂಡರೂ ಅಳಿಯದ ಗುರುತು.

ಈ ಶಾಸ್ತ್ರದ ಜೀವಾಳವೆಂದರೆ ಅರ್ಥಾಪತ್ತಿ. ಇದನ್ನು ವಿವರಿಸಲೆಂದೇ ಮೀಮಾಂಸಕರು ದೇವದತ್ತನೆಂಬ ದಪ್ಪ ಮನುಷ್ಯನನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದಿದ್ದಾರೆ. ದೇವದತ್ತ ಹಗಲು ಉಣ್ಣುವುದಿಲ್ಲ. ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಿರಲೇಬೇಕು. ಯಾರೂ ನೋಡಿಲ್ಲ, ಯಾರೂ ಹೇಳಿಲ್ಲ, ಆದರೆ ಬೇರೆ ದಾರಿಯೇ ಇಲ್ಲ. ಈಗ ಕ್ರೋಮನ್ನು ನೋಡಿ. 2008ರಲ್ಲಿ ಹುಟ್ಟಿದ್ದು. ಅಂದಿನಿಂದ ನಮ್ಮನ್ನು ಒಂದು ಕಾಸೂ ಕೇಳಿಲ್ಲ. ಆದರೂ ಲೋಕದ ಬ್ರೌಸರ್ ಬಳಕೆಯ ಮೂರರಲ್ಲಿ ಎರಡು ಪಾಲಿನಷ್ಟು ಅದರದೇ ಮೈ. ಅದನ್ನು ಸಾಕುವ ಗೂಗಲಿನ ಆದಾಯದಲ್ಲಿ ಹೆಚ್ಚಿನದು ಜಾಹೀರಾತಿನಿಂದ ಬರುತ್ತದೆ. ರಾತ್ರಿಯೂಟಕ್ಕೆ ಬಡಿಸಿದ್ದು ಯಾರನ್ನು ಎಂಬುದನ್ನು ಬಾಯಿಬಿಟ್ಟು ಹೇಳಬೇಕೆ?

ಇಲ್ಲೊಂದು ಶಂಕೆ. ‘ಸಫಾರಿಗೂ ಕಾಸಿಲ್ಲ, ಫೈರ್‌ಫಾಕ್ಸಿಗೂ ಕಾಸಿಲ್ಲ. ಅವೂ ದೇವದತ್ತರೇ ಅಲ್ಲವೇ?’ ಹೌದು, ಅವರೂ ರಾತ್ರಿ ಉಣ್ಣುವವರೇ. ತಮಾಷೆಯೆಂದರೆ ಉಣ್ಣುವುದೂ ಅದೇ ಮನೆಯಲ್ಲಿ. ಸಫಾರಿಯಲ್ಲಿ ಮೊದಲ ಹುಡುಕುಯಂತ್ರವಾಗಿ ಕೂರಲು ಗೂಗಲ್ 2022ರ ಒಂದೇ ವರ್ಷ ಆಪಲ್ಲಿಗೆ ಎರಡು ಸಾವಿರ ಕೋಟಿ ಡಾಲರ್ ಕೊಟ್ಟಿತೆಂದು ಅಮೆರಿಕದ ಏಕಸ್ವಾಮ್ಯ ಮೊಕದ್ದಮೆಯ ಕಾಗದಗಳಲ್ಲಿ ಬಯಲಾಯಿತು. ಫೈರ್‌ಫಾಕ್ಸನ್ನು ನಡೆಸುವ ಮೊಜಿಲ್ಲಾದ ಹುಂಡಿಗೂ ಹೆಚ್ಚಿನ ಹಣ ಬೀಳುವುದು ಗೂಗಲಿನ ಕೈಯಿಂದಲೇ. ಆದರೂ ಇವೆರಡೂ ಅದೇ ಗೂಗಲಿನ ಪತ್ತೇದಾರಿ ಕುಕಿಗಳಿಗೆ ಅಡ್ಡಗಟ್ಟುತ್ತವೆ. ಇಲ್ಲಿ ಹೊರಡುತ್ತದೆ ನಮ್ಮ ಮೂಲಸೂತ್ರ:

ಉಂಡ ಮನೆಗೆ ಎರಡು ಬಗೆಯುವುದೇ ಉತ್ತಮ ಬ್ರೌಸರಿನ ಲಕ್ಷಣ.

ಲೋಕದಲ್ಲಿ ಯಾವುದು ಮಹಾದೋಷವೋ ಈ ಶಾಸ್ತ್ರದಲ್ಲಿ ಅದೇ ಪರಮಗುಣ. ಲಕ್ಷಣ ಹೇಳಿದ ಮೇಲೆ ಅವ್ಯಾಪ್ತಿ, ಅತಿವ್ಯಾಪ್ತಿಗಳನ್ನು ಪರೀಕ್ಷಿಸುವುದು ವಿದ್ವಾಂಸರ ಚಾಳಿ; ಪರೀಕ್ಷಿಸೋಣ. ಡಕ್‌ಡಕ್‌ಗೋ ಎಂಬ ಬಾತುಕೋಳಿ ಲಾಂಛನದ ಬ್ರೌಸರ್ ಗೋಪ್ಯತೆಗೇ ಹೆಸರುವಾಸಿ. ಅದರ ಹುಡುಕಾಟದ ಫಲಿತಾಂಶಗಳು ಬಹಳಷ್ಟು ಬರುವುದು ಮೈಕ್ರೋಸಾಫ್ಟಿನ ಬಿಂಗ್‌ನಿಂದ. 2022ರಲ್ಲಿ ಒಬ್ಬ ಸಂಶೋಧಕ ನೋಡಿದರೆ, ಮಿಕ್ಕವರ ಟ್ರ್ಯಾಕರ್‌ಗಳನ್ನೆಲ್ಲ ಕುಕ್ಕಿ ಓಡಿಸುವ ಬಾತು ಮೈಕ್ರೋಸಾಫ್ಟಿನ ಕೆಲವು ಟ್ರ್ಯಾಕರ್‌ಗಳು ಬಂದಾಗ ಮಾತ್ರ ಕೊಕ್ಕು ಮುಚ್ಚಿಕೊಂಡಿತ್ತು. ಒಪ್ಪಂದದ ಋಣ. ಗದ್ದಲವಾದ ಮೇಲೆ ಅದೇ ವರ್ಷ ಆಗಸ್ಟಿನಲ್ಲಿ ತಿದ್ದಿಕೊಂಡಿತು. ಉಂಡ ಮನೆಗೆ ನಿಷ್ಠೆಯಿಟ್ಟಿದ್ದಷ್ಟು ಕಾಲ ದೋಷ, ದ್ರೋಹ ಬಗೆದ ದಿನ ಮೋಕ್ಷ. ಸೂತ್ರ ನಿಂತಿತು.

ಸಿಂಹಲಾಂಛನದ ಬ್ರೇವ್ ಕೊಂಚ ಬೇರೆ ಜಾತಿ. ಕಟ್ಟಿದವರು ಬ್ರೆಂಡನ್ ಐಕ್. 1995ರಲ್ಲಿ ಜಾವಾಸ್ಕ್ರಿಪ್ಟನ್ನು ಸೃಷ್ಟಿಸಿದವರೂ ಅವರೇ. ಇಂದು ನಮ್ಮ ಬೆನ್ನು ಹತ್ತುವ ಕಸುಬಿನಲ್ಲಿ ಬಹುಪಾಲು ನಡೆಯುವುದು ಆ ಜಾವಾಸ್ಕ್ರಿಪ್ಟಿನ ಹೆಗಲ ಮೇಲೆಯೇ ಆದ್ದರಿಂದ ಬ್ರೇವನ್ನು ಪ್ರಾಯಶ್ಚಿತ್ತ ಪ್ರಕರಣದಲ್ಲಿ ಸೇರಿಸಬೇಕೆಂದು ನನ್ನ ಮತ. ಇದು ಯಾರ ಮನೆಯಲ್ಲೂ ಉಣ್ಣುವುದಿಲ್ಲ, ತನ್ನದೇ ಜಾಹೀರಾತಿನ ಅಡುಗೆ ಮಾಡಿಕೊಳ್ಳುತ್ತದೆ. ಆದರೆ 2020ರ ಜೂನಿನಲ್ಲಿ, ಕ್ರಿಪ್ಟೊ ವ್ಯಾಪಾರದ ಬೈನಾನ್ಸ್ ವಿಳಾಸವನ್ನು ಯಾರಾದರೂ ಟೈಪಿಸಿದರೆ ಅದರ ಬಾಲಕ್ಕೆ ತನ್ನ ಕಮಿಷನ್ ಸಂಖ್ಯೆಯನ್ನು ತಾನೇ ಅಂಟಿಸುತ್ತಿದ್ದುದು ಸಿಕ್ಕಿಬಿತ್ತು. ಐಕ್ ಕ್ಷಮೆ ಕೇಳಿದರು. ಇಷ್ಟಾಗಿಯೂ ಲೀತ್ ಅವರ ಕಿವಿಗೆ ಕಡಿಮೆ ಮಾತಾಡಿದ್ದು ಇದೇ ಸಿಂಹವೆಂಬುದನ್ನು ಮರೆಯಬಾರದು. ಅಳಿಲಿನ ಲಾಂಛನದ ಯುಸಿ ಬ್ರೌಸರನ್ನು ನಮ್ಮವರು ಒಂದು ಕಾಲಕ್ಕೆ ಎದೆಗೆ ಅವಚಿಕೊಂಡಿದ್ದರು. ಅಲಿಬಾಬಾ ಒಡೆತನದ ಆ ಅಳಿಲು ಮಾಹಿತಿ ಸೋರಿಸುತ್ತಿದೆಯೆಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲೇ ಬರೆಯಿತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2020ರ ಜೂನ್ 29ರಂದು ಸರ್ಕಾರವೇ ಇತರ ಚೀನೀ ಆ್ಯಪ್‌ಗಳ ಜೊತೆ ಅದನ್ನೂ ನಿಷೇಧಿಸಿದಾಗ ಕೆಲವರು ಅತ್ತರು. ಡೌನ್‌ಲೋಡ್ ಬೇಗ ಆಗುತ್ತಿತ್ತಂತೆ.

ಇನ್ನು ಶಬ್ದಪ್ರಮಾಣ. ಆಪ್ತನ ಮಾತು ಪ್ರಮಾಣ ಎಂಬುದು ನಿಯಮ. ಕ್ರೋಮಿನಲ್ಲಿ ಇನ್‌ಕಾಗ್ನಿಟೊ ಎಂಬ ಕಪ್ಪು ಕಿಟಕಿಯೊಂದಿದೆ. ಟೋಪಿ, ಕನ್ನಡಕದ ಚಿಹ್ನೆ. ಆ ಹೆಸರನ್ನೇ ಆಪ್ತವಾಕ್ಯವೆಂದು ನಂಬಿ ಅದನ್ನು ತೆರೆದವರೆಲ್ಲ ತಾವು ಮಾರುವೇಷದಲ್ಲಿ ಊರು ಸುತ್ತುವ ಅರಸರೆಂದು ಭಾವಿಸಿದ್ದರು. ಅದು ಅಳಿಸುವುದು ನಿಮ್ಮ ಫೋನಿನಲ್ಲಿ ಉಳಿದ ಹೆಜ್ಜೆಯನ್ನು ಮಾತ್ರ. ಅಂದರೆ ಮನೆಯವರಿಂದ ರಕ್ಷಣೆ. ನೀವು ಹೋದ ಜಾಲತಾಣದವರಿಗೆ, ನೆಟ್ ಕೊಟ್ಟ ಕಂಪನಿಗೆ, ಆಫೀಸಿನ ಕಂಪ್ಯೂಟರಾದರೆ ಆಫೀಸಿನವರಿಗೆ ನೀವು ಎಲ್ಲಿಗೆ ಹೋದಿರೆಂಬುದು ಹಗಲಿನಷ್ಟು ನಿಚ್ಚಳ. ಇದರ ಮೇಲೆ 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಗೂಗಲ್ ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ 2024ರ ರಾಜಿಯಲ್ಲಿ, ಆ ಕಪ್ಪು ಕಿಟಕಿಯಲ್ಲಿ ಓಡಾಡಿದವರ ಬಗ್ಗೆ ಕೂಡಿಟ್ಟ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಒಪ್ಪಿತು. ಅಳಿಸಲು ಅಷ್ಟು ಇತ್ತು ಎಂಬುದೇ ಇಲ್ಲಿ ನಮಗೆ ಬೇಕಾದ ಪ್ರಮಾಣ.

ಶಬ್ದಪ್ರಮಾಣಕ್ಕೆ ಇನ್ನೂ ರಸವತ್ತಾದ ಉದಾಹರಣೆ ಮೂರನೆಯವರ ಕುಕಿಯದು. ಕುಕಿಯನ್ನು 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲಿ ಕಂಡುಹಿಡಿದದ್ದು ಜಾಲತಾಣಕ್ಕೆ ಗಿರಾಕಿಯ ನೆನಪಿರಲಿ ಎಂದು. ಆದರೆ ನೀವು ಓದುವ ಪತ್ರಿಕೆಯ ಪುಟದಲ್ಲೂ, ಚಿತ್ರಾನ್ನದ ಪಾಕವಿಧಾನದಲ್ಲೂ, ಬಸ್ ಟಿಕೆಟಿನ ತಾಣದಲ್ಲೂ ಒಂದೇ ಜಾಹೀರಾತು ಕಂಪನಿಯ ತುಣುಕು ಕೂತಿದ್ದರೆ, ಅದು ಮೂರೂ ಕಡೆ ತನ್ನ ಕುಕಿಯನ್ನು ನೋಡಿಕೊಂಡು ನೀವು ಏನು ಓದಿದಿರಿ, ಏನು ತಿಂದಿರಿ, ಎಲ್ಲಿಗೆ ಹೊರಟಿರಿ ಎಂದು ಪೋಣಿಸುತ್ತದೆ. ಫೈರ್‌ಫಾಕ್ಸ್ 2019ರಲ್ಲಿ ಪತ್ತೇದಾರರ ಇಂಥ ಕುಕಿಗಳನ್ನು ತಾನಾಗಿಯೇ ತಡೆಯತೊಡಗಿತು. ಸಫಾರಿ 2020ರ ಮಾರ್ಚಿನಲ್ಲಿ ಪೂರ್ತಿ ಬಾಗಿಲು ಹಾಕಿತು. ಕ್ರೋಮ್ 2020ರ ಜನವರಿಯಲ್ಲಿ ‘ಎರಡು ವರ್ಷದೊಳಗೆ ತೆಗೆಯುತ್ತೇವೆ’ ಎಂದಿತು. 2021ರಲ್ಲಿ ಕೇಳಿದರೆ 2023 ಎಂದಿತು. 2022ರಲ್ಲಿ 2024 ಎಂದಿತು. 2024ರ ಏಪ್ರಿಲಿನಲ್ಲಿ 2025 ಎಂದಿತು. ಹಿಂದೊಮ್ಮೆ ನಮ್ಮ ಊರುಗಳಲ್ಲಿ ಬಾಗಿಲು ಬಡಿಯುವ ದೆವ್ವಕ್ಕೆ ಓದಲು ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರಲ್ಲ, ಅದೇ ವಿದ್ಯೆ. ಇಲ್ಲಿ ದೆವ್ವ ಮಾತ್ರ ಗೋಪ್ಯತೆ ಕೇಳಿಕೊಂಡು ಹೋದ ನಾವು. 2024ರ ಜುಲೈಯಲ್ಲಿ ‘ತೆಗೆಯುವುದಿಲ್ಲ, ನಿಮ್ಮನ್ನೇ ಕೇಳುತ್ತೇವೆ’ ಎಂದಾಯಿತು. 2025ರ ಏಪ್ರಿಲಿನಲ್ಲಿ ‘ಕೇಳುವುದೂ ಇಲ್ಲ’ ಎಂದಾಯಿತು.

ಅನುಪಲಬ್ಧಿ, ಅಂದರೆ ಇಲ್ಲದಿರುವುದರ ಜ್ಞಾನ. ಇದಕ್ಕೆ ‘ಡು ನಾಟ್ ಟ್ರ್ಯಾಕ್’ ಎಂಬ ವಿನಂತಿಯೇ ಸಾಕು. ‘ದಯವಿಟ್ಟು ನನ್ನ ಹಿಂದೆ ಬರಬೇಡಿ’ ಎಂದು ಬ್ರೌಸರ್ ಪ್ರತಿ ತಾಣಕ್ಕೂ ಕೈಮುಗಿದು ಹೇಳುವ ಸೌಲಭ್ಯ. ಪಾಲಿಸಲೇಬೇಕೆಂಬ ಕಾನೂನಿರಲಿಲ್ಲ, ಬಹುತೇಕ ಯಾರೂ ಪಾಲಿಸಲಿಲ್ಲ. ಅಷ್ಟೇ ಆಗಿದ್ದರೆ ದುಃಖವಿರಲಿಲ್ಲ. ಕೈಮುಗಿದವರು ಕಡಿಮೆಯಿದ್ದುದರಿಂದ ‘ಓಹೋ, ಕೈಮುಗಿಯುವ ಆಸಾಮಿ ಇವನೇ’ ಎಂದು ಗುರುತು ಹಿಡಿಯಲು ಆ ವಿನಂತಿಯೇ ಅನುಕೂಲವಾಯಿತು. ಆಪಲ್ ಇದೇ ಕಾರಣ ಕೊಟ್ಟು 2019ರಲ್ಲಿ ಅದನ್ನು ಕಿತ್ತುಹಾಕಿತು. ಫೈರ್‌ಫಾಕ್ಸ್ 2025ರಲ್ಲಿ.

ಇದರಿಂದ ಹೊರಡುವ ತತ್ವ ಸೂಕ್ಷ್ಮವಾದದ್ದು. ಕುಕಿಯೇ ಇಲ್ಲದೆಯೂ ಗುರುತು ಹಿಡಿಯಬಹುದು: ಪರದೆಯ ಅಳತೆ, ಸಮಯವಲಯ, ಭಾಷೆ, ಯಂತ್ರದಲ್ಲಿರುವ ಫಾಂಟುಗಳು, ಇವನ್ನೆಲ್ಲ ಕೂಡಿಸಿದರೆ ಬೆರಳಚ್ಚಿನಂತೆ ನಿಮ್ಮೊಬ್ಬರದೇ ಒಂದು ಗುರುತು ಸಿದ್ಧ. ಅಮೆರಿಕದ ಇಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ ಶೇ. 83.6ರಷ್ಟು ಬ್ರೌಸರ್‌ಗಳು ತಮ್ಮಂಥ ಇನ್ನೊಂದಿಲ್ಲದ ಏಕಾಂಗಿಗಳಾಗಿದ್ದವು. ಇಲ್ಲಿ ಕನ್ನಡಿಗರಿಗೆ ವಿಶೇಷ ಸಂಕಟ. ಪುಟವೊಂದು ಗುಟ್ಟಾಗಿ ಕೆಲವು ಅಕ್ಷರಗಳನ್ನು ಬೇರೆಬೇರೆ ಫಾಂಟಿನಲ್ಲಿ ಬರೆದು ಅಗಲ ಅಳೆದರೆ ನಿಮ್ಮಲ್ಲಿ ಯಾವ ಫಾಂಟಿದೆಯೆಂದು ತಿಳಿಯುತ್ತದೆ. ನುಡಿ, ಬರಹ ಎರಡನ್ನೂ ಹಾಕಿಕೊಂಡು, ಬ್ರೌಸರಿನ ಭಾಷೆಯನ್ನು ಅಭಿಮಾನದಿಂದ ಕನ್ನಡಕ್ಕೆ ಬದಲಿಸಿಕೊಂಡಿರುವ ಕಂಪ್ಯೂಟರು ಜಗತ್ತಿನ ಜಾತ್ರೆಯಲ್ಲಿ ಮೈಸೂರು ಪೇಟ ಸುತ್ತಿ ನಿಂತಂತೆಯೇ ಸರಿ. ಗುರುತು ಮರೆಸುವುದಕ್ಕೆಂದೇ ಇರುವ ಟಾರ್ ಬ್ರೌಸರ್ ಇದನ್ನು ಬಲ್ಲದು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬಳಸುವವರನ್ನು ಅದು ‘ಹೆಚ್ಚಿನ ಗೋಪ್ಯತೆಗಾಗಿ ಪುಟಗಳನ್ನು ಇಂಗ್ಲಿಷಿನಲ್ಲೇ ತರಿಸಲೇ?’ ಎಂದು ಕೇಳುತ್ತದೆ. ಶಾಸ್ತ್ರದೃಷ್ಟಿಯಿಂದ ಉತ್ತರ ‘ತರಿಸು’. ನವೆಂಬರ್ ತಿಂಗಳಿನಲ್ಲಿ ಈ ವಾಕ್ಯವನ್ನು ಯಾರೂ ಬಹಿರಂಗವಾಗಿ ಉದ್ಧರಿಸಬಾರದು.

ಟಾರಿನ ಉಪಾಯ ಅಡಗುವುದಲ್ಲ, ಎಲ್ಲರನ್ನೂ ಒಂದೇ ತರಹ ಕಾಣಿಸುವುದು. ಕಿಟಕಿಯನ್ನು ಎಷ್ಟೇ ಹಿಗ್ಗಿಸಿ, ಅಂಚಿಗೆ ಬೂದುಪಟ್ಟಿ ಬಿಟ್ಟು ಒಳಗಿನ ಅಳತೆಯನ್ನು ದುಂಡಗಿನ ಸಂಖ್ಯೆಗೇ ಇಳಿಸುತ್ತದೆ. ನಿಮ್ಮ ಮಾತನ್ನು ಈರುಳ್ಳಿಯಂತೆ ಪದರಪದರವಾಗಿ ಸುತ್ತಿ ಮೂರು ಯಂತ್ರಗಳ ಮೂಲಕ ದಾಟಿಸುತ್ತದೆ. ಕಳಿಸಿದವರು ಯಾರು, ತಲುಪಿದ್ದೆಲ್ಲಿಗೆ ಎಂಬೆರಡೂ ಅವುಗಳಲ್ಲಿ ಯಾವೊಂದಕ್ಕೂ ಒಟ್ಟಿಗೆ ಗೊತ್ತಾಗದು. ಈ ಈರುಳ್ಳಿ ವಿದ್ಯೆ ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಬೇಹುಗಾರಿಕೆಯಿಂದ ತಪ್ಪಿಸಿಕೊಳ್ಳುವ ಶಾಸ್ತ್ರವನ್ನು ಸರ್ಕಾರವೇ ಬರೆದುಕೊಟ್ಟಿದೆಯೆಂದರೆ, ಉಂಡ ಮನೆಗೆ ಎರಡು ಬಗೆದವರಲ್ಲಿ ಟಾರೇ ಶ್ರೇಷ್ಠ.

ಇನ್ನು ನಿರ್ಣಯ. ಅಧಿಕಾರಿ ಭೇದದಿಂದ ಹೇಳುತ್ತೇನೆ. ಸೆಟ್ಟಿಂಗಿಗೆ ಕೈ ಹಾಕದ ಮಂದಾಧಿಕಾರಿಗಳು ಬ್ರೇವ್ ಹಾಕಿಕೊಳ್ಳಲಿ, ಐಫೋನಿನವರು ಸಫಾರಿಯಲ್ಲೇ ಇರಲಿ. ಪತ್ರಕರ್ತರು, ಗುಟ್ಟು ಹೊರಬಿದ್ದರೆ ನಿಜವಾಗಿ ಅಪಾಯವಿರುವವರು ಟಾರ್ ಬಳಸಲಿ, ನಿಧಾನವೆಂದು ಗೊಣಗದಿರಲಿ. ಉಳಿದ ನಮ್ಮಂಥವರಿಗೆ ಫೈರ್‌ಫಾಕ್ಸ್. ಅದರ ಪತ್ತೆತಡೆಯನ್ನು ‘ಸ್ಟ್ರಿಕ್ಟ್’ಗೆ ತಿರುಗಿಸಿ, ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಷನ್ ಸೇರಿಸಿ. ಕ್ರೋಮ್ ತನ್ನ ನಿಯಮ ಬದಲಿಸಿ ಯಾವ ಎಕ್ಸ್‌ಟೆನ್ಷನ್ನಿನ ಪೂರ್ಣರೂಪವನ್ನು ಹೊರಗೆ ಹಾಕಿತೋ ಅದೇ ಇದು. ಕಂಪ್ಯೂಟರಿನಲ್ಲಷ್ಟೇ ಅಲ್ಲ, ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿನಲ್ಲೂ ಅದು ನಡೆಯುತ್ತದೆ.

ಫಲಶ್ರುತಿ. ಇದನ್ನು ಶ್ರದ್ಧೆಯಿಂದ ಓದಿ, ಇಂದೇ ಡೀಫಾಲ್ಟ್ ಬ್ರೌಸರ್ ಬದಲಿಸಿದವರಿಗೆ ಬೆನ್ನು ಹತ್ತುವವರು ಕಡಿಮೆಯಾಗುವರು, ಪುಟಗಳು ಬೇಗ ತೆರೆಯುವುವು, ಡೇಟಾ ಉಳಿಯುವುದು. ಬ್ರೌಸರ್ ಬದಲಿಸಿಯೂ ಅದರಲ್ಲಿ ಗೂಗಲ್ ಖಾತೆಗೆ ದಿನವಿಡೀ ಲಾಗಿನ್ ಆಗಿಯೇ ಇರುವವರು ಗೂಗಲಿನಲ್ಲಿ ಹುಡುಕಿದ್ದೆಲ್ಲ ಅದಕ್ಕೆ ಹೆಸರು ಸಮೇತ ಗೊತ್ತಾಗುತ್ತದೆ. ಅಂಥವರಿಗೆ ಮೇಲಿನ ಫಲ ಪೂರ್ತಿಯಾಗಿ ದಕ್ಕುವುದಿಲ್ಲ.